ಗುಡ್ಡದಷ್ಟು ಅದಿರು

ಮಂಗಳವಾರ, ಶುಕ್ರವಾರ. ನಾಲ್ಕನೇ ಮಂಚ, ಗಾದಿಲಿಂಗಪ್ಪ.
ಎಡಗೈಯ ಫಿಸ್ಟುಲಾಕ್ಕೆ ಕಿವಿಯಿಟ್ಟರೆ
ಈಗಲೂ ಲಾರಿ ಏರು ಹತ್ತುವ ಸದ್ದು.

ಸಂಡೂರಿನಿಂದ ಹದಿನೆಂಟು ವರ್ಷ ಅದಿರು ಹೊತ್ತವನು.
ಬನಿಯನ್ನು, ಬೆವರು, ಬುತ್ತಿಯ ರೊಟ್ಟಿ, ಎಲ್ಲ ಕೆಂಪು;
ಹುಲಿಗೆವ್ವ ಏಳು ನೀರಲ್ಲಿ ಜಾಲಿಸಿದರೂ ಬಿಡದ ಕೆಂಪು.
ರಕ್ತ ಮಾತ್ರ ತೆಳ್ಳಗೆ. ಹಿಮೋಗ್ಲೋಬಿನ್ ಆರೂವರೆ.

"ಮೈಯೆಲ್ಲ ಕಬ್ಬಿಣ ತುಂಬ್ಕೊಂಡೀನ್ರಿ ಸಿಸ್ಟರ್,
ರಕ್ತಕ್ಕ ಯಾಕ ಸಾಲವಲ್ದು?"

ಮೆಷೀನು ತಿರುಗುತ್ತಿತ್ತು, ಇನ್ನೂ ಮೂರು ತಾಸು ಇತ್ತು.
ಹೇಳಿದೆ: ಮೂತ್ರಪಿಂಡ ಸೋಸುತ್ತ ಸೋಸುತ್ತಲೇ
ಕಾಗದವನ್ನೂ ಬರೆಯುತ್ತದೆ, ಕಚೇರಿಯ ಗುಮಾಸ್ತನ ಹಾಗೆ.
ನೆತ್ತರಲ್ಲಿ ಪ್ರಾಣವಾಯು ಕಡಿಮೆಯಾದದ್ದು
ಮೊದಲು ಅದರ ಮೂಗಿಗೇ ತಿಳಿಯುತ್ತದೆ;
ಎರಡು ಸಾಲು ಗೀಚಿ ಹರಿವಿಗೆ ಬಿಡುತ್ತದೆ.
ವಿಳಾಸ: ಎಲುಬಿನ ಒಳಮನೆ, ಅಸ್ಥಿಮಜ್ಜೆ.
ಅಲ್ಲಿ ಇನ್ನೂ ಏನೂ ಆಗದ ಕಣಗಳು
ಕತ್ತಲಲ್ಲಿ ಕಾದು ಕೂತಿರುತ್ತವೆ.
ಕಾಗದ ಮುಟ್ಟಿದ್ದು ಕೆಂಪಾಗಲು ಹೊರಡುತ್ತದೆ,
ಮುಟ್ಟದ್ದು
ತನ್ನಷ್ಟಕ್ಕೆ ತಾನೇ ಮಡಚಿಕೊಂಡು ಮುಗಿಯುತ್ತದೆ.
ಯಾರೂ ಕೊಲ್ಲುವುದಿಲ್ಲ.
ಬದುಕು ಅಂತ ಯಾರೂ ಹೇಳಲಿಲ್ಲ, ಅಷ್ಟೇ.

ಬಹಳ ಹೊತ್ತು ಸೂರು ನೋಡಿದ.
"ನಮ್ಮ ಗುಮಾಸ್ತ ಸತ್ತಾನ ಅನ್ರಿ."
ಹೂಂ. ಅದಕ್ಕೇ ಈ ಸೂಜಿ,
ಅವನ ಕಾಗದ ನಾವೇ ಬರೆದು ಚುಚ್ಚುವುದು.

ಮೂರು ತಿಂಗಳು ಚುಚ್ಚಿದೆವು. ಡೋಸು ಏರಿಸಿದೆವು.
ಕಬ್ಬಿಣದ ಕಂದು ನೀರನ್ನೂ ಹನಿ ಹನಿ ಬಿಟ್ಟೆವು.
ಆರೂವರೆ. ಆರು ಮುಕ್ಕಾಲು. ಮತ್ತೆ ಆರೂವರೆ.
ಉಗ್ರಾಣದ ಲೆಕ್ಕ ತರಿಸಿದರೆ ಫೆರಿಟಿನ್ ಸಾವಿರದ ಮೇಲೆ:
ಮಾಲು ರಾಶಿ ಬಿದ್ದಿದೆ,
ಒಂದು ಲೋಡೂ ಹೊರಡುತ್ತಿಲ್ಲ.

ಡಾಕ್ಟರ್ ಮೆಹರುನ್ನಿಸಾ ಹಾಳೆ ತಿರುವಿ ಅಂದರು,
ಮೈಯಲ್ಲಿ ಎಲ್ಲೋ ಬೆಂಕಿ ಇದೆ, ಹುಡುಕಿ.
ಬೆಂಕಿ ಬಿದ್ದ ಕೇರಿಯಲ್ಲಿ ಕೂಗು ಏಳುತ್ತದೆ;
ಕಣ ಕಣಕ್ಕೆ ಕೂಗುವ ಆ ಕೂಗೇ ಸೈಟೊಕೈನು.
ಒಂದು ಕೂಗು ಮಜ್ಜೆಗೆ:
ಕೆಂಪಿನವರು ಆಮೇಲೆ, ಮೊದಲು ಬಿಳಿಯ ಸಿಪಾಯಿಗಳನ್ನು ಕಳಿಸು.
ಇನ್ನೊಂದು ಪಿತ್ತಜನಕಾಂಗಕ್ಕೆ:
ಕಬ್ಬಿಣಕ್ಕೆ ಬೀಗ ಜಡಿ, ಹೊಕ್ಕ ರೋಗಾಣು ಅದನ್ನೇ ತಿಂದು ಕೊಬ್ಬೀತು.
ಕೆಟ್ಟ ಬುದ್ಧಿಯೇನಲ್ಲ, ಒಂದು ವಾರದ ಮಟ್ಟಿಗೆ.

ಗಾದಿಲಿಂಗಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.
"ಗೊತ್ತಾತ್ ಬಿಡ್ರಿ. ಗಣಿ ಬಂದಾದ ವರ್ಷ
ಗುಡ್ಡದಷ್ಟು ಅದಿರು ಪ್ಲಾಟಿನ್ಯಾಗ ಬಿದ್ದಿತ್ತು,
ಚೆಕ್‌ಪೋಸ್ಟಿನ್ಯಾಗ ಪರ್ಮಿಟ್ಟಿಲ್ಲ.
ಎಂಟು ತಿಂಗಳು ನನ್ನ ಲಾರಿ ನೆರಳಿಗೆ ನಾಯಿ ಮಲಗಿತ್ತು."
ಅಷ್ಟು ಹೇಳಿ ಎಡಗೆನ್ನೆ ಒತ್ತಿಕೊಂಡ.
ಪ್ರತಿ ಸಲ ಒತ್ತಿಕೊಳ್ಳುತ್ತಿದ್ದ.
ಪ್ರತಿ ಸಲ ನಾನು ನೋಡಿದ್ದೆ.

ಬಾಯಿ ತೆಗಿ, ಅಂದೆ.
ದವಡೆಯ ಮೂಲೆಯಲ್ಲಿ ಲವಂಗ. ಲವಂಗದ ಕೆಳಗೆ ಕೀವು.
ಎರಡು ವರ್ಷದಿಂದ, ಒಂದು ಹಲ್ಲು.

ಕಿತ್ತದ್ದನ್ನು ಬಸ್ ಟಿಕೆಟ್ಟಿನಲ್ಲಿ ಸುತ್ತಿ ತಂದು ತೋರಿಸಿದ,
ಜೋಳದ ಕಾಳಿಗಿಂತ ಒಂಚೂರು ದೊಡ್ಡದು, ಬೇರು ಕಪ್ಪು.
"ಇಷ್ಟಕ್ಕೇನ್ರಿ ಇಡೀ ಗಣಿ ಬಂದ್ ಮಾಡಿದ್ದು?"

ಅದೇ ಸೂಜಿ. ಡೋಸು ಏರಿಸಲಿಲ್ಲ.
ಐದನೇ ವಾರ ಏಳು ಪಾಯಿಂಟ್ ಒಂದು.
ಎಂಟನೇ ವಾರ ಏಳು ಮುಕ್ಕಾಲು.

ನಿನ್ನೆ ಪಾಳಿ ಮುಗಿಸಿ ಹೊರಬಿದ್ದಾಗ
ಕೋಟೆಯ ಬಂಡೆ ಇನ್ನೂ ಹಗಲಿನ ಕಾವು ಉಗುಳುತ್ತಿತ್ತು.
ಗೇಟಿನ ಹತ್ತಿರ ಗಾದಿಲಿಂಗಪ್ಪ, ಕೈಯಲ್ಲಿ ಮಿರ್ಚಿ.
ಉಪ್ಪು ಬಿಡು ಅಂತ ಎಷ್ಟು ಸಲ ಬೈದಿಲ್ಲ!
"ಒಂದ ರೀ, ಅರ್ಧ ನಾಯಿಗೆ ಹಾಕೀನಿ."

ಬಾ ಇಲ್ಲಿ, ಅಂದೆ.
ಬೀದಿದೀಪದ ಕೆಳಗೆ ನಿಲ್ಲಿಸಿ
ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ.
ಕೆಂಪು ಅನ್ನಲಾರೆ.
ಬಿಳಿಯಂತೂ ಅಲ್ಲ.